ಆ್ಯಪ್‌ಗಳನ್ನೆಲ್ಲ ಸ್ವೈಪ್ ಮಾಡಬೇಡಿ, ಬ್ಯಾಟರಿ ತಿನ್ನುವ ಆ್ಯಪನ್ನು ಹಿಡಿಯಿರಿ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿದವರಲ್ಲಿ ಎಷ್ಟೋ ಮಂದಿ ದಾದರ್ ಬರುವಷ್ಟರಲ್ಲಿ ಎರಡು ಮೂರು ಸಲ ರೀಸೆಂಟ್ಸ್ (ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿ) ತೆರೆದು ಎಲ್ಲ ಆ್ಯಪ್‌ಗಳನ್ನೂ ತಳ್ಳಿಬಿಡುತ್ತಾರೆ. ಚಾರ್ಜ್ ಉಳಿಯಲಿ ಎಂಬ ಲೆಕ್ಕ. ಆದರೆ ಇದರಿಂದ ಸಾಮಾನ್ಯವಾಗಿ ಖರ್ಚೇ ಹೆಚ್ಚು.

ರೀಸೆಂಟ್ಸ್‌ನಲ್ಲಿ ಕಾಣುವ ಕಾರ್ಡುಗಳೆಲ್ಲ ಓಡುತ್ತಿರುವ ಆ್ಯಪ್‌ಗಳಲ್ಲ. ಆಂಡ್ರಾಯ್ಡ್ ಫೋನನ್ನು ರೀಸ್ಟಾರ್ಟ್ ಮಾಡಿ ನೋಡಿ, ಸಾಮಾನ್ಯವಾಗಿ ಅವೇ ಕಾರ್ಡುಗಳು ಮತ್ತೆ ಕಾಣುತ್ತವೆ. ನೀವು ಹೊರಬಂದ ಆ್ಯಪ್ ಹೆಚ್ಚಾಗಿ ಕೆಲಸ ನಿಲ್ಲಿಸಿ ಫೋನಿನ ತಾತ್ಕಾಲಿಕ ಮೆಮೊರಿಯಾದ ರ್‍ಯಾಮ್‌ನಲ್ಲಿ ಸುಮ್ಮನೆ ಕೂತಿರುತ್ತದೆ. ರ್‍ಯಾಮ್ ತುಂಬಿದ್ದರೂ ಖಾಲಿಯಿದ್ದರೂ ಎಳೆಯುವ ವಿದ್ಯುತ್ ಹೆಚ್ಚುಕಡಿಮೆ ಒಂದೇ. ಜಾಗ ಸಾಲದಾದಾಗ ಸದ್ಯಕ್ಕೆ ಬೇಡದ ಆ್ಯಪನ್ನು ಫೋನೇ ಹೊರಹಾಕುತ್ತದೆ. ನೀವು ಕೈಯಾರೆ ತಳ್ಳಿದ್ದನ್ನು ಮತ್ತೆ ತೆರೆದರೆ ಸ್ಟೋರೇಜ್‌ನಿಂದ ಮೊದಲಿಂದ ಓದಬೇಕು, ಪ್ರೊಸೆಸರ್ ದುಡಿಯಬೇಕು, ಎಷ್ಟೋ ಸಲ ಡೇಟಾವನ್ನೂ ಹೊಸದಾಗಿ ಇಳಿಸಬೇಕು. ಭೂಗತ ಮೆಟ್ರೊದಂಥ ಕಡೆ ಸಿಗ್ನಲ್ ಕುಗ್ಗಿದ್ದರೆ ಆ ಇಳಿಸುವಿಕೆಗೇ ಬ್ಯಾಟರಿ ಹೆಚ್ಚು ಸುಡುತ್ತದೆ.

ನಿಜವಾಗಿ ತಿನ್ನುವವು ಬೇರೆ: ಸದಾ ಲೊಕೇಶನ್ ನೋಡುವ, ಪದೇಪದೇ ಸಿಂಕ್ ಮಾಡುವ ಆ್ಯಪ್‌ಗಳು. ಸಂಜೆ ಹೊತ್ತಿಗೆ ಸೆಟ್ಟಿಂಗ್ಸ್‌ನ ಬ್ಯಾಟರಿಗೆ ಹೋಗಿ ಬಳಕೆಯ ಪಟ್ಟಿ ತೆರೆಯಿರಿ. ಮೊದಲ ಹೆಸರನ್ನಷ್ಟೇ ನೋಡಿ ಬೈಯಬೇಡಿ. ಎರಡು ಗಂಟೆ ವಿಡಿಯೊ ನೋಡಿದ್ದರೆ ಅದು ಮೇಲಿರುವುದು ಸಹಜ. ಪರದೆಯ ಮೇಲೆ ಕಡಿಮೆ, ಬ್ಯಾಕ್‌ಗ್ರೌಂಡ್‌ನಲ್ಲಿ ಹೆಚ್ಚು ಹೊತ್ತು ಇದ್ದದ್ದು ಯಾವುದು, ಅದನ್ನು ಹುಡುಕಿ. ಅದರ ಐಕಾನ್ ಒತ್ತಿ ಹಿಡಿದು ಆ್ಯಪ್ ಇನ್ಫೊ, ಬಳಿಕ ಬ್ಯಾಟರಿ ತೆರೆದು 'ರಿಸ್ಟ್ರಿಕ್ಟೆಡ್' ಆರಿಸಿ. ಕೆಲವು ಕಂಪನಿಗಳ ಫೋನಿನಲ್ಲಿ ಹೆಸರು ಸ್ವಲ್ಪ ಬದಲಾಗಿರುತ್ತದೆ. ಪರ್ಮಿಶನ್ಸ್‌ನಲ್ಲಿ ಲೊಕೇಶನ್ 'ಯಾವಾಗಲೂ' ಎಂದಿದ್ದರೆ 'ಬಳಸುವಾಗ ಮಾತ್ರ' ಎಂದು ಮಾಡಿ. ಬಹುತೇಕ ಫೋನುಗಳಿಗೆ ಇಷ್ಟು ಸಾಕು.

ಉಲ್ಟಾ ತೊಂದರೆಯೂ ಇದೆ. ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ ಯುಪಿಐ ಹಣ ಬಂದದ್ದನ್ನು ಕೂಗಿ ಹೇಳುತ್ತಿದ್ದ ಫೋನ್ ಇದ್ದಕ್ಕಿದ್ದಂತೆ ಮೌನವಾಗುತ್ತದೆ. ಗಿರಾಕಿ ಸ್ಕ್ರೀನ್ ತೋರಿಸುತ್ತಾನೆ, ಇಲ್ಲಿ ಸದ್ದಿಲ್ಲ. ಕೆಲವು ಫೋನುಗಳಲ್ಲಿ ಸ್ವೈಪ್ ಮಾಡುವುದೂ ಫೋರ್ಸ್ ಸ್ಟಾಪ್‌ಗೆ ಸಮ. ಹಾಗೆ ನಿಲ್ಲಿಸಿದ ಆ್ಯಪ್ ನೀವು ಮತ್ತೆ ತೆರೆಯುವವರೆಗೆ ನೋಟಿಫಿಕೇಶನ್ ತರುವುದಿಲ್ಲ. ಇಂಥ ಆ್ಯಪ್‌ಗೆ ಬ್ಯಾಟರಿಯಲ್ಲಿ 'ಅನ್‌ರಿಸ್ಟ್ರಿಕ್ಟೆಡ್' ಕೊಡಿ, 'ಆಟೊಸ್ಟಾರ್ಟ್' ಎಂಬ ಸ್ವಿಚ್ ಇದ್ದರೆ ಆನ್ ಮಾಡಿ, ರೀಸೆಂಟ್ಸ್‌ನಲ್ಲಿ ಕಾರ್ಡಿಗೆ ಬೀಗದ ಗುರುತು ಹಾಕುವ ಸೌಲಭ್ಯವಿದ್ದರೆ ಹಾಕಿ. ಆಮೇಲೆ ಪರದೆ ಆರಿಸಿ, ಅರ್ಧ ಗಂಟೆ ಬಿಟ್ಟು ಒಂದು ರೂಪಾಯಿ ಕಳಿಸಿ ಪರೀಕ್ಷಿಸಿ. ತಕ್ಷಣ ಪರೀಕ್ಷಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಎಷ್ಟೋ ಸಲ ಫೋನ್ ನಿದ್ದೆಗೆ ಜಾರಿದ ಮೇಲೆಯೇ ಈ ತೊಂದರೆ ಶುರುವಾಗುವುದು.

ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್‌ಗೆ ಹೋಗಿ ಬೇಡದ್ದನ್ನು ಆಫ್ ಮಾಡಿ. ಆ್ಯಪ್ ಪ್ರತಿಕ್ರಿಯಿಸದಿದ್ದಾಗ ಮಾತ್ರ ಮುಚ್ಚಿ ಎಂದು ಆ್ಯಪಲ್ ಕೂಡ ಹೇಳುತ್ತದೆ.

ಆಂಡ್ರಾಯ್ಡ್‌ನಲ್ಲೂ ಸ್ವೈಪ್ ಮಾಡಲು ಕಾರಣ ಬೇಕು: ಆ್ಯಪ್ ಸಿಕ್ಕಿಹಾಕಿಕೊಂಡಿರಬೇಕು, ಇಲ್ಲವೇ ಸ್ಥಳ ತಲುಪಿದ ಮೇಲೂ ಮ್ಯಾಪ್ ದಾರಿ ತೋರಿಸುತ್ತಲೇ ಇರಬೇಕು. ರ್‍ಯಾಮ್ ಕ್ಲೀನರ್, ಬೂಸ್ಟರ್ ಎಂಬ ಆ್ಯಪ್‌ಗಳಿದ್ದರೆ ಮೊದಲು ಅವನ್ನೇ ಅನ್‌ಇನ್‌ಸ್ಟಾಲ್ ಮಾಡಿ.