ಎರೆ ಮಣ್ಣು, ಕೆಂಪು ಮಣ್ಣು ಮತ್ತು ಸಾಸಿವೆಯೊಳಗಿನ ಸೆಲೆನಿಯಂ

ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಕಡೆಯ ಕೆಲವು ಹಳ್ಳಿಗಳಲ್ಲಿ ಗೋಧಿ ಎಲೆ ಬೆಳ್ಳಗಾಗುತ್ತದೆ. ಅಲ್ಲಿನ ಮೇವು ತಿಂದ ಎಮ್ಮೆಗಳ ಗೊರಸು ಕಳಚುತ್ತದೆ. ಶಿವಾಲಿಕ್ ಬೆಟ್ಟಗಳಿಂದ ನೀರಿನ ಜೊತೆ ಬಂದು ಹೊಲದಲ್ಲಿ ಕೂತ ಸೆಲೆನಿಯಂ ಎಂಬ, ಗಂಧಕವನ್ನು ಹೋಲುವ ಮೂಲವಸ್ತು ಇದಕ್ಕೆ ಕಾರಣ. ಆ ಮಣ್ಣು ಕ್ಷಾರದ್ದು. ಅಷ್ಟೇ ಸೆಲೆನಿಯಂ ನಮ್ಮ ಮಣ್ಣಲ್ಲಿದ್ದರೆ ಗಿಡಕ್ಕೆ ಎಷ್ಟು ಸಿಗುತ್ತದೆ ಅಂತ ನೋಡಲು ಕುಂಡಗಳಲ್ಲಿ ಸಾಸಿವೆ ಬೆಳೆಸಿದೆ. ಸಾಸಿವೆಗೆ ಗಂಧಕ ಜಾಸ್ತಿ ಬೇಕು. ಸೆಲೆನೇಟ್ (ಆಮ್ಲಜನಕದ ಜೊತೆ ಸೇರಿದ ಸೆಲೆನಿಯಂನ ಒಂದು ರೂಪ) ಬೇರಿನೊಳಗೆ ಹೋಗುವುದೂ ಗಂಧಕದ ದಾರಿಯಲ್ಲೇ.

ಧಾರವಾಡದ ಎರೆ ಮಣ್ಣು, ಕೋಲಾರದ ಕೆಂಪು ಮಣ್ಣು ತಂದೆ. ನೆರಳಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿದೆ. ಕಿಲೋ ಮಣ್ಣಿಗೆ 1 ಮಿ.ಗ್ರಾಂ ಸೆಲೆನಿಯಂ. ಕೆಲವು ಕುಂಡಗಳಿಗೆ ಸೆಲೆನೇಟ್, ಉಳಿದವಕ್ಕೆ ಸೆಲೆನೈಟ್ (ಆಮ್ಲಜನಕ ಕಡಿಮೆ ಇರುವ ಇನ್ನೊಂದು ರೂಪ). ಎರಡೂ ವಿಷ, ಕೈಗವಸು ಇಲ್ಲದೆ ಮುಟ್ಟಲೇಬಾರದು. ನೀರು ಸೋರಿ ಹೋದರೆ ಲೆಕ್ಕ ತಪ್ಪುತ್ತದೆ, ಅದಕ್ಕೇ ತೂತಿಲ್ಲದ ಕುಂಡ.

ಕಷ್ಟ ಇರುವುದು ಅಳೆಯುವುದರಲ್ಲಿ. ಸೆಲೆನಿಯಂ ಬಿಸಿಗೆ ಆವಿಯಾಗಿ ಹಾರಿಬಿಡುತ್ತದೆ. ಹಾಗಾಗಿ ಎಲೆಗಳನ್ನು 60 ಡಿಗ್ರಿ ಒಳಗೇ ಒಣಗಿಸಬೇಕು. ಆಸಿಡ್‌ನಲ್ಲಿ ಕರಗಿಸಿದ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಬಿಸಿ ಮಾಡಿದೆ. ಆಗ ಸೆಲೆನೇಟ್ ಎಲ್ಲಾ ಸೆಲೆನೈಟ್ ಆಗುತ್ತದೆ. ಹೈಡ್ರೈಡ್ ವಿಧಾನದ (ಸೆಲೆನಿಯಂ ಅನ್ನು ಅನಿಲವಾಗಿಸಿ ಅಳೆಯುವ) ಯಂತ್ರಕ್ಕೆ ಸೆಲೆನೈಟ್ ಮಾತ್ರ ಕಾಣುತ್ತದೆ. ಈ ಹಂತ ಬಿಟ್ಟರೆ ಸೆಲೆನಿಯಂ ಇದ್ದರೂ ಇಲ್ಲ ಅಂತ ಬರುತ್ತದೆ.

ಎರೆ ಮಣ್ಣಿಗೆ ಸೆಲೆನೇಟ್ ಹಾಕಿದ ಕುಂಡದ ಎಲೆಗಳಲ್ಲೇ ಅತಿ ಜಾಸ್ತಿ ಸಿಕ್ಕಿತು. ಎರೆಯಂಥ ಕ್ಷಾರದ, ಗಾಳಿಯಾಡುವ ಮಣ್ಣಲ್ಲಿ ಸೆಲೆನೇಟ್ ನೀರಲ್ಲೇ ಕರಗಿರುತ್ತದೆ, ಬೇರಿಗೆ ಸುಲಭವಾಗಿ ಸಿಗುತ್ತದೆ. ಕೆಂಪು ಮಣ್ಣು, ಸೆಲೆನೈಟ್ ಸೇರಿದ ಕಡೆ ಅತಿ ಕಡಿಮೆ. ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡೇ ಸೆಲೆನೈಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಗಿಡಕ್ಕೆ ಸಿಕ್ಕಿದ ಸ್ವಲ್ಪವೂ ಹೆಚ್ಚಾಗಿ ಬೇರಲ್ಲೇ ಉಳಿಯಿತು. ಹಾಕಿದ್ದು ಎಲ್ಲಕ್ಕೂ ಒಂದೇ ಪ್ರಮಾಣ, ನೆನಪಿಡಿ! ಹಾಗಾಗಿ ಮಣ್ಣಿನ ಒಟ್ಟು ಸೆಲೆನಿಯಂ ಎಷ್ಟು ಅನ್ನುವ ಒಂದೇ ಅಂಕಿಯನ್ನು ನಾನು ನಂಬುವುದಿಲ್ಲ. ನೀರಲ್ಲಿ ಕರಗುವುದು ಎಷ್ಟು ಅಂತಲೂ ಕೇಳುತ್ತೇನೆ.

ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಗಂಧಕ ಇರುವ ಲವಣ) ಹಾಕಿದ ಕುಂಡಗಳನ್ನೂ ಇಟ್ಟಿದ್ದೆ. ಸೆಲೆನೇಟ್ ಇದ್ದ ಕಡೆ ಎಲೆಯ ಸೆಲೆನಿಯಂ ಚೆನ್ನಾಗಿ ಇಳಿಯಿತು, ಸಲ್ಫೇಟ್ ಅದೇ ದಾರಿಗೆ ಪೈಪೋಟಿ ಕೊಡುತ್ತದೆ ಅಲ್ವಾ. ಸೆಲೆನೈಟ್ ಕುಂಡಗಳಲ್ಲಿ ಅಷ್ಟು ವ್ಯತ್ಯಾಸ ಇಲ್ಲ. ಪಂಜಾಬಿನ ಆ ಹೊಲಗಳಿಗೂ ವಿಜ್ಞಾನಿಗಳು ಸೂಚಿಸಿದ್ದು ಜಿಪ್ಸಂ. ಈಗ ನೀರು ನಿಲ್ಲಿಸಿ ಭತ್ತ ಹಾಕಿದ್ದೇನೆ. ಗಾಳಿ ಸಿಗದ ಕೆಸರಲ್ಲಿ ಸೆಲೆನೇಟ್ ರೂಪ ಬದಲಿಸುತ್ತದೆ, ಅಕ್ಕಿಯಲ್ಲಿ ಎಷ್ಟು ಸೇರುತ್ತದೋ ನೋಡಬೇಕು.