ಬೈಕ್ ಸವಾರರ ಮಾತು ನಾನು ಕಲಿತದ್ದು ಹೀಗೆ

"ಇವತ್ತು ಸ್ವೀಪ್ ಯಾರು?"

ನನ್ನ ಮೊದಲ ಗ್ರೂಪ್ ರೈಡ್ ಹೊರಡುವ ಮುಂಚೆ ಯಾರೋ ಹೀಗೆ ಕೇಳಿದರು. ನಾನು ಬೈಕ್ ಹತ್ತಿ ಆಗಲೇ ಆರು ವರ್ಷ ಆಗಿತ್ತು. ಆದರೂ ಆ ಪದ ಗೊತ್ತಿರಲಿಲ್ಲ. ಕೇಳೋಕೆ ಸಂಕೋಚ, ಸುಮ್ನೆ ತಲೆಯಾಡಿಸಿದೆ. ಅರ್ಧ ದಾರಿಯಲ್ಲಿ ಗ್ಲೌಸ್ ಸರಿ ಮಾಡಿಕೊಳ್ಳೋಣ ಅಂತ ಪಕ್ಕಕ್ಕೆ ನಿಲ್ಲಿಸಿದೆ. ಹಿಂದೆ ಬರುತ್ತಿದ್ದವರೂ ನಿಲ್ಲಿಸಿದರು. "ನೀವು ಹೋಗ್ತಾ ಇರಿ, ಬರ್ತೀನಿ" ಅಂದೆ. "ನಾನು ಸ್ವೀಪ್ ಅಲ್ವಾ, ನಿಮ್ಮನ್ನ ಬಿಟ್ಟು ಹೋಗೋ ಹಾಗಿಲ್ಲ" ಅಂದರು.

ಆಗ ಅರ್ಥ ಆಯಿತು. ಮುಂದೆ ಹೋಗಿ ದಾರಿ ತೋರಿಸುವವರು ಲೀಡ್. ಎಲ್ಲರಿಗಿಂತ ಕೊನೆಯಲ್ಲಿ ಬರುವವರು ಸ್ವೀಪ್. ಯಾರ ಬೈಕ್ ಕೆಟ್ಟರೂ, ಯಾರೇ ನಿಂತರೂ ಸ್ವೀಪ್ ಜೊತೆಗೆ ನಿಲ್ಲುತ್ತಾರೆ. ಇದು ಮೊದಲೇ ಗೊತ್ತಿದ್ದರೆ ಅವರಿಗೊಂದು ಸನ್ನೆ ಮಾಡಿ ನಿಲ್ಲಿಸುತ್ತಿದ್ದೆ. ಹಾಗೆ ಏಕಾಏಕಿ ಪಕ್ಕಕ್ಕೆ ಎಳೆಯುತ್ತಿರಲಿಲ್ಲ.

ಅವತ್ತಿಂದ ಒಂದು ಅಭ್ಯಾಸ ಮಾಡಿಕೊಂಡೆ. ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ಅಲ್ಲೇ ಕೇಳುವುದು. ಕೇಳಿ ಬಿಡುವುದಲ್ಲ, "ಕೈಯಲ್ಲಿ ತೋರಿಸಿ" ಅನ್ನುವುದು. ಬಾಯಲ್ಲಿ ಹೇಳಿದ್ದು ಮರೆತು ಹೋಗುತ್ತೆ, ಕೈಯಲ್ಲಿ ತೋರಿಸಿದ್ದು ಉಳಿಯುತ್ತೆ.

ತಿರುವಿನಲ್ಲಿ ಬೈಕ್ ಬೀಳುವ ಎರಡು ಬಗೆ ಲೋಸೈಡ್, ಹೈಸೈಡ್. ಆ ಪದಗಳನ್ನು ಕಲಿತದ್ದು ಹಾಗೇ. ಒಬ್ಬ ಹಿರಿಯ ಸವಾರರು ಅಂಗೈಯನ್ನು ಮೇಜಿನ ಮೇಲೆ ಅಡ್ಡ ನಿಲ್ಲಿಸಿದರು. "ಇದು ಬೈಕ್, ತಿರುವಿನಲ್ಲಿ ಒಳಕ್ಕೆ ಬಾಗಿದೆ" ಅಂದರು. ಕೈ ಹಾಗೇ ಒಳಬದಿಗೆ ಮಲಗಿ ಜಾರಿ ಹೋಯಿತು. ಅದು ಲೋಸೈಡ್. ಮತ್ತೆ ಕೈ ಬಾಗಿಸಿದರು. ಈ ಸಲ ಸ್ವಲ್ಪ ಜಾರಿಸಿ, ತಟ್ಟನೆ ತಡೆದರು. ಕೈ ಎದುರು ಬದಿಗೆ ಫಟ್ ಅಂತ ಮಗುಚಿಕೊಂಡಿತು. ಅದು ಹೈಸೈಡ್. ಹಿಂದಿನ ಚಕ್ರ ಜಾರುತ್ತಿರುವಾಗ ಗಾಬರಿಯಿಂದ ರೇಸ್ ಪೂರ್ತಿ ಬಿಟ್ಟರೆ, ಇಲ್ಲಾ ಲಾಕ್ ಆದ ಹಿಂದಿನ ಬ್ರೇಕನ್ನು ಚಕ್ರ ಓರೆಯಾಗಿರುವಾಗಲೇ ಬಿಟ್ಟರೆ, ಟೈರಿಗೆ ಒಮ್ಮೆಲೇ ಹಿಡಿತ ಸಿಗುತ್ತೆ. ಆಗ ಬೈಕ್ ಸವಾರನನ್ನು ಎತ್ತಿ ಒಗೆಯುತ್ತೆ. ಲೋಸೈಡ್‌ನಲ್ಲಿ ಮೈ ತರಚುತ್ತೆ. ಹೈಸೈಡ್‌ನಲ್ಲಿ ಮೂಳೆ ಮುರಿಯೋದೇ ಜಾಸ್ತಿ. ಆ ಅಂಗೈ ಮಗುಚಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಕೌಂಟರ್‌ಸ್ಟಿಯರಿಂಗ್ ಅನ್ನೋ ಪದ ಕೇಳಿದಾಗ ನಂಬಿಕೆ ಬರಲಿಲ್ಲ. ಬಲಕ್ಕೆ ಹೋಗಬೇಕಾದರೆ ಹ್ಯಾಂಡಲ್‌ನ ಬಲಗಡೆಯನ್ನು ಮುಂದಕ್ಕೆ ಒತ್ತಬೇಕಂತೆ. ಖಾಲಿ ಮೈದಾನಕ್ಕೆ ಹೋಗಿ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಬಲ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿದೆ. ಮುಂದಿನ ಚಕ್ರ ಕಂಡೂ ಕಾಣದಷ್ಟು ಎಡಕ್ಕೆ ಹೊರಳಿತು, ಬೈಕ್ ಬಲಕ್ಕೆ ವಾಲಿತು, ಬಲಕ್ಕೇ ಹೋಯಿತು. ಆರು ವರ್ಷ ನನ್ನ ಕೈ ಮಾಡುತ್ತಿದ್ದದ್ದೂ ಇದನ್ನೇ, ನನಗೆ ಗೊತ್ತಿರಲಿಲ್ಲ ಅಷ್ಟೆ. ಗೊತ್ತಾದ ಮೇಲೆ ಗುಂಡಿ ತಪ್ಪಿಸೋದು ಎಷ್ಟು ಸುಲಭ ಆಯಿತು ಅಂದರೆ, ಒಂದು ಸಲ ಒತ್ತು, ಮತ್ತೊಂದು ಕಡೆ ಒತ್ತು, ಮುಗೀತು.

ಆದರೆ ನನ್ನನ್ನು ನಿಜವಾಗಿ ಉಳಿಸಿದ ಪದ ಟಾರ್ಗೆಟ್ ಫಿಕ್ಸೇಷನ್. ಕಣ್ಣು ಎಲ್ಲಿ ನೆಟ್ಟಿದೆಯೋ ಬೈಕ್ ಅಲ್ಲಿಗೇ ಹೋಗುತ್ತೆ ಅನ್ನೋದು ಅದರ ಅರ್ಥ. ಒಂದು ತಿರುವಿನ ಹೊರ ಅಂಚಿನಲ್ಲಿ ಕಲ್ಲೊಂದು ಬಿದ್ದಿತ್ತು. ರಸ್ತೆಯಲ್ಲಿ ಬೇಕಾದಷ್ಟು ಜಾಗ ಇತ್ತು. ಆದರೂ ನಾನು ಆ ಕಲ್ಲನ್ನೇ ನೋಡುತ್ತಾ ಅದರ ಕಡೆಗೇ ಹೋಗುತ್ತಿದ್ದೆ. ಕಲ್ಲಿನ ಮೇಲಿನ ಸುಣ್ಣದ ಗೀರು ಕೂಡ ಕಾಣುತ್ತಿತ್ತು. ಆಗ ಆ ಪದ ನೆನಪಿಗೆ ಬಂತು. "ಕಣ್ಣೆತ್ತು" ಅಂತ ಹೆಲ್ಮೆಟ್ ಒಳಗೇ ಕೂಗಿಕೊಂಡು, ಗಲ್ಲ ತಿರುಗಿಸಿ ತಿರುವಿನ ಆಚೆ ತುದಿ ನೋಡಿದೆ. ಬೈಕ್ ತಾನಾಗಿ ಒಳಕ್ಕೆ ಬಂತು. ಪದ ಗೊತ್ತಿಲ್ಲದಿದ್ದರೆ ಆ ಕ್ಷಣದಲ್ಲಿ ನನಗೆ ಏನಾಗುತ್ತಿದೆ ಅನ್ನೋದೇ ತಿಳಿಯುತ್ತಿರಲಿಲ್ಲ.

ಎಲ್ಲ ಪದಗಳೂ ಒಳ್ಳೆಯದೇ ಮಾಡುತ್ತವೆ ಅಂತಲ್ಲ. ಚಿಕನ್ ಸ್ಟ್ರಿಪ್ಸ್ ಅಂತ ಒಂದಿದೆ. ಬೈಕ್ ಜಾಸ್ತಿ ಬಾಗಿಸದಿದ್ದರೆ ಟೈರಿನ ಎರಡೂ ಅಂಚಿನಲ್ಲಿ ಸವೆಯದ ಪಟ್ಟಿ ಉಳಿಯುತ್ತೆ. ಅದನ್ನು ತೋರಿಸಿ ಹೆದರುಪುಕ್ಕಲ ಅಂತ ಹಂಗಿಸೋ ಮಾತು ಇದು. ಹೊಸಬರು ಆ ಪಟ್ಟಿ ಅಳಿಸೋಕೆ ಅಂತಲೇ ಸಾಮಾನ್ಯ ರಸ್ತೆಯಲ್ಲಿ ಅತಿಯಾಗಿ ಬಾಗಿಸುತ್ತಾರೆ. ಮುಂದೆ ಜಲ್ಲಿ ಇದೆಯೋ, ಎಣ್ಣೆ ಚೆಲ್ಲಿದೆಯೋ ಯಾರಿಗೆ ಗೊತ್ತು? ಈ ಪದ ನಾನು ಬಳಸೋದು ಬಿಟ್ಟಿದ್ದೇನೆ. ನನ್ನ ಟೈರಿನಲ್ಲಿ ಆ ಪಟ್ಟಿ ಇದೆ, ಇರಲಿ.

ಅದರ ಬದಲು ಹೊಸಬರಿಗೆ ನಾನು ಮೊದಲು ಹೇಳಿಕೊಡೋದು ಆಟ್‌ಗ್ಯಾಟ್, ಅಂದರೆ "ಆಲ್ ದ ಗೇರ್, ಆಲ್ ದ ಟೈಮ್". ಎಷ್ಟೇ ಹತ್ತಿರದ ದಾರಿ ಆದರೂ ಹೆಲ್ಮೆಟ್, ಜಾಕೆಟ್, ಗ್ಲೌಸ್, ಬೂಟು ಎಲ್ಲ ಹಾಕಿಕೊಂಡೇ ಹೊರಡಬೇಕು ಅನ್ನೋ ನಿಯಮ ಅದು. ಆಮೇಲೆ ಸ್ಟ್ಯಾಗರ್ಡ್ ಫಾರ್ಮೇಷನ್. ಅಂದರೆ ಒಬ್ಬರ ಹಿಂದೆ ಒಬ್ಬರು ನೇರವಾಗಿ ಅಲ್ಲ, ಎಡ ಬಲ ಬದಲಿಸಿಕೊಂಡು ಹೋಗುವುದು. ಪಕ್ಕದ ಸಾಲಿನಲ್ಲಿ ಮುಂದಿರುವವರಿಂದ ಕನಿಷ್ಠ 1 ಸೆಕೆಂಡ್, ನಮ್ಮದೇ ಸಾಲಿನಲ್ಲಿ ಮುಂದಿರುವವರಿಂದ 2 ಸೆಕೆಂಡ್ ಅಂತರ ಇರಬೇಕು. ತಿರುವು ಜಾಸ್ತಿ ಇರುವ ಕಡೆ ಇದನ್ನು ಬಿಟ್ಟು ಒಂದೇ ಸಾಲಿಗೆ ಬರುತ್ತೇವೆ.

ಕೊನೆಗೆ ಸನ್ನೆಗಳು. ಬಲಗೈ ರೇಸ್ ಮೇಲಿರುವುದರಿಂದ ಸನ್ನೆಯೆಲ್ಲ ಸಾಮಾನ್ಯವಾಗಿ ಎಡಗೈಯದ್ದೇ. ಟ್ಯಾಂಕ್ ಕಡೆ ಬೆರಳು ತೋರಿಸಿದರೆ ಪೆಟ್ರೋಲ್ ಬೇಕು ಅಂತ. ರಸ್ತೆಯಲ್ಲಿ ಗುಂಡಿ ಇದ್ದರೆ ಆ ಬದಿಯ ಕಾಲು ಚಾಚುತ್ತೇವೆ. ಹೆಲ್ಮೆಟ್ ತಲೆಯ ಮೇಲೆ ತಟ್ಟುವ ಸನ್ನೆ ಮಾತ್ರ ಎಚ್ಚರ. ಕೆಲವರಿಗೆ ಅದು "ಮುಂದೆ ಪೊಲೀಸ್ ಇದ್ದಾರೆ" ಅಂತ, ಇನ್ನು ಕೆಲವರಿಗೆ "ನಿನ್ನ ಹೈ ಬೀಮ್ ಇಳಿಸು" ಅಂತ. ಒಮ್ಮೆ ಮುಂದಿನವರು ತಲೆ ತಟ್ಟುತ್ತಲೇ ಇದ್ದರು. ನಾನು ಪೊಲೀಸರನ್ನು ಹುಡುಕುತ್ತಾ ಅವರ ಕನ್ನಡಿಗೆ ಹೈ ಬೀಮ್ ಬಿಟ್ಟುಕೊಂಡೇ ಹೋದೆ. ಈಗ ಹೊರಡುವ ಮುಂಚೆ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, ಒಂದೊಂದೇ ಸನ್ನೆ ಮಾಡಿ ತೋರಿಸಿ, "ಇದಕ್ಕೆ ಏನರ್ಥ?" ಅಂತ ಕೇಳಿಯೇ ಕೀ ತಿರುಗಿಸುತ್ತೇನೆ.