ಐರ್ಲೆಂಡಿನ ಹಳ್ಳಿ ಮನೆಯಲ್ಲಿ ಟರ್ಫ್ ಒಲೆ: ನನ್ನ ಅನುಭವ

ನಾವಿರುವುದು ಐರ್ಲೆಂಡಿನ ರಾಸ್‌ಕಾಮನ್ ಕೌಂಟಿಯ ಹಳ್ಳಿಯಲ್ಲಿ. ಹತ್ತಿರದಲ್ಲೇ ಬಾಗ್ ಇದೆ. ಸಾವಿರಾರು ವರ್ಷಗಳಿಂದ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಜೌಗು ನೆಲ ಅದು. ಅಲ್ಲಿಂದ ಕೊಯ್ದು ಒಣಗಿಸಿದ ಪೀಟ್ ತುಂಡುಗಳಿಗೆ ಇಲ್ಲಿನವರು ಟರ್ಫ್ ಅಂತಾರೆ. ಚಳಿಗಾಲದಲ್ಲಿ ನಮ್ಮ ಒಲೆಗೆ ಅದೇ ಸೌದೆ.

2022ರ ಅಕ್ಟೋಬರ್ 31ರಿಂದ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಟರ್ಫ್ ಮಾರುವಂತಿಲ್ಲ. ಕೊಯ್ಯುವ ಹಕ್ಕಿರುವವರು ಮನೆಗೆ ಕೊಯ್ದುಕೊಳ್ಳಬಹುದು, ನೆರೆಹೊರೆಯವರಿಗೂ ಕೊಡಬಹುದು. ನಮಗೂ ಪಕ್ಕದ ರೈತರಿಂದಲೇ ಬರುತ್ತದೆ, ಟ್ರೇಲರ್ ಲೆಕ್ಕದಲ್ಲಿ. ಒಂದು ಅನುಕೂಲ ಅಂದ್ರೆ ಇಳಿಸಿಕೊಳ್ಳುವ ಮೊದಲೇ ಮುಟ್ಟಿ ನೋಡಬಹುದು.

ಮುಟ್ಟಿ ನೋಡುವುದೇ ಮುಖ್ಯ. ಬಾಗ್‌ನಲ್ಲಿರುವಾಗ ಪೀಟ್‌ನಲ್ಲಿ ಶೇ. 90ರಷ್ಟು ನೀರೇ ಇರುತ್ತದೆ. ವಸಂತದಲ್ಲಿ ಕೊಯ್ದು, ನೆಲದ ಮೇಲೆ ಹರಡಿ, ಮೇಲ್ಮೈ ಗಟ್ಟಿಯಾದ ಮೇಲೆ ನಾಲ್ಕೈದು ತುಂಡುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸುತ್ತಾರೆ. ಇದಕ್ಕೆ ಫೂಟಿಂಗ್ ಅಂತ ಹೆಸರು. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗುವ ಕೆಲಸ. ಬೇಸಿಗೆಯಲ್ಲಿ ಮಳೆ ಜಾಸ್ತಿಯಾದರೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿರುತ್ತದೆ. ಅದಕ್ಕೇ ಟ್ರೇಲರ್‌ನ ಅಡಿಯಿಂದ ಒಂದು ತುಂಡು ಎಳೆದು ಮುರಿದು ನೋಡುತ್ತೇನೆ. ಒಣಗಿದ್ದು ಚಟಕ್ಕನೆ ಮುರಿಯುತ್ತದೆ. ಹಸಿಯದು ಬಾಗುತ್ತದೆ, ಒಳಗೆ ತಣ್ಣಗಿರುತ್ತದೆ, ಗಾತ್ರಕ್ಕೆ ಮೀರಿದ ಭಾರವಿರುತ್ತದೆ.

ಮೇಲಿನ ಪದರದ ಕಂದು ಟರ್ಫ್ ಹಗುರ, ಬೇಗ ಹತ್ತಿಕೊಂಡು ಬೇಗ ಮುಗಿಯುತ್ತದೆ. ಆಳದ ಕಪ್ಪು ಟರ್ಫ್ ಗಟ್ಟಿ, ಕಾವು ಹೆಚ್ಚು, ತುಂಬಾ ಹೊತ್ತು ಉರಿಯುತ್ತದೆ. ಹಚ್ಚಲು ಕಂದು, ರಾತ್ರಿಗೆ ಕಪ್ಪು. ಪೀಟ್ ಪುಡಿಯನ್ನೇ ಒತ್ತಿ ಇಟ್ಟಿಗೆಯಂತೆ ಮಾಡಿದ ಬ್ರಿಕೆಟ್‌ನಲ್ಲಿ ಟನ್ನಿಗೆ ಸುಮಾರು 18.5 ಗಿಗಾಜೂಲ್ ಶಾಖ, ಸಾದಾ ಟರ್ಫ್‌ನಲ್ಲಿ 13 ಅಷ್ಟೇ. ಆದರೆ ದುಡ್ಡಿನ ಲೆಕ್ಕದಲ್ಲಿ ನಮಗೆ ಟರ್ಫೇ ಗಿಟ್ಟುತ್ತದೆ. ಪರಿಸರದ ಲೆಕ್ಕ ಬೇರೆ: ಅಷ್ಟೇ ಶಾಖಕ್ಕೆ ಪೀಟ್ ಕಲ್ಲಿದ್ದಲಿಗಿಂತಲೂ ಹೆಚ್ಚು ಇಂಗಾಲ ಬಿಡುತ್ತದೆ. ಈ ಹಳೇ ಮನೆಗೆ ಬೇರೆ ವ್ಯವಸ್ಥೆ ಆಗುವವರೆಗೆ ಮಾತ್ರ ಇದು.

ಕೂಡಿಡುವಾಗ ನಾನು ನೋಡುವುದು ಗಾಳಿಯನ್ನು. ಶೆಡ್ಡಿನ ನೆಲಕ್ಕೆ ಮರದ ಪ್ಯಾಲೆಟ್ ಹಾಸಿ, ಗೋಡೆಯಿಂದ ಒಂದು ಗೇಣು ಬಿಟ್ಟು ಒಟ್ಟುತ್ತೇನೆ. ಬಾಗಿಲು ಹಲಗೆಗಳದ್ದು, ಸಂದಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಶೆಡ್ಡಿನಲ್ಲಿ ಹಿಡಿಸದ್ದನ್ನು ಹೊರಗೆ ಮೆದೆ ಹಾಕುತ್ತೇನೆ. ಹೊರಸಾಲಿನ ತುಂಡುಗಳು ಸ್ವಲ್ಪ ಹೊರಕ್ಕೆ ಇಳಿಜಾರಾಗಿರಬೇಕು, ಆಗ ಮಳೆನೀರು ಒಳಗೆ ಹೋಗದೆ ಜಾರುತ್ತದೆ. ಟಾರ್ಪಾಲು ನೆತ್ತಿಗೆ ಮಾತ್ರ. ಸುತ್ತಲೂ ಪ್ಲಾಸ್ಟಿಕ್ ಬಿಗಿದರೆ ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ. ಹಸಿ ಟರ್ಫ್‌ಗೆ ಹಿಮ ತಗುಲಿದರಂತೂ ಪುಡಿಪುಡಿ.

ಹಸಿ ಟರ್ಫ್ ಉರಿಸಿದರೆ ಒಲೆಯ ಗಾಜು ಕಪ್ಪಾಗುತ್ತದೆ, ಚಿಮಣಿಯಲ್ಲಿ ಟಾರು ಕಟ್ಟುತ್ತದೆ, ಮುಂದೆ ಬೆಂಕಿಯೂ ಹತ್ತಬಹುದು. ಹಾಗಾಗಿ ಚಿಮಣಿ ಗುಡಿಸುವುದನ್ನು ತಪ್ಪಿಸುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಇದೆ. ಎರಡು ದಿನಕ್ಕಾಗುವಷ್ಟನ್ನು ಒಳಗೆ ತಂದು, ಒಲೆಯಿಂದ ದೂರದಲ್ಲೇ ಇಡುತ್ತೇನೆ. ಬೂದಿ ಮಾತ್ರ ವಿಪರೀತ, ಬೆರಣಿ ಉರಿಸಿದ ಹಾಗೆ. ಅದರೊಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಅದಕ್ಕೆ ಬೂದಿ ಹೋಗುವುದು ಮುಚ್ಚಳವಿರುವ ತಗಡಿನ ಬಕೆಟ್ಟಿಗೆ, ಬಕೆಟ್ಟು ಇರುವುದು ಅಂಗಳದ ಕಾಂಕ್ರೀಟಿನ ಮೇಲೆ, ಶೆಡ್ಡಿನಿಂದ ದೂರ.